ಎನ್. ಸಂತೋಷ್ ಹೆಗ್ಡೆ

ನಿಟ್ಟೆ ಸಂತೋಷ್ ಹೆಗ್ಡೆ (ಜನನ: 16 ಜೂನ್ 1940) ಭಾರತದ ಸರ್ವೋಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಹಾಗೂ ಕರ್ನಾಟಕದ ಮಾಜಿ ಲೋಕಾಯುಕ್ತರು. ಕರ್ನಾಟಕದ ಅಡ್ವೊಕೇಟ್ ಜನರಲ್ ಮತ್ತು ಭಾರತದ ಸಾಲಿಸಿಟರ್ ಜನರಲ್ ಹುದ್ದೆಗಳನ್ನು ನಿರ್ವಹಿಸಿದ್ದ ಅವರು 1999ರಿಂದ 2005ರವರೆಗೆ ಸರ್ವೋಚ್ಚ ನ್ಯಾಯಾಲಯದಲ್ಲಿ ಸೇವೆ ಸಲ್ಲಿಸಿದರು. 2006ರ ಆಗಸ್ಟ್ 3ರಿಂದ 2011ರ ಆಗಸ್ಟ್ 2ರವರೆಗೆ ಲೋಕಾಯುಕ್ತರಾಗಿ, ರಾಜ್ಯದ ಎಲ್ಲ ಜಿಲ್ಲೆಗಳಲ್ಲೂ ಪೊಲೀಸ್ ಘಟಕಗಳನ್ನು ಹೊಂದಿದ್ದ ಭ್ರಷ್ಟಾಚಾರ ನಿಗ್ರಹ ಸಂಸ್ಥೆಯನ್ನು ಮುನ್ನಡೆಸಿದರು. ಬಳ್ಳಾರಿ ಮತ್ತು ಸುತ್ತಲಿನ ಜಿಲ್ಲೆಗಳ ಅಕ್ರಮ ಕಬ್ಬಿಣದ ಅದಿರು ಗಣಿಗಾರಿಕೆಯ ಕುರಿತು ಅವರು 2008 ಮತ್ತು 2011ರಲ್ಲಿ ಸಲ್ಲಿಸಿದ ಎರಡು ವರದಿಗಳು ರಾಜ್ಯದ ರಾಜಕೀಯದ ಮೇಲೆ ಗಾಢ ಪರಿಣಾಮ ಬೀರಿದವು. ಎರಡನೆಯ ವರದಿ ಸಲ್ಲಿಕೆಯಾದ ನಾಲ್ಕೇ ದಿನಗಳಲ್ಲಿ ಅಂದಿನ ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪ ರಾಜೀನಾಮೆ ನೀಡಿದರು.

ಮನೆತನ ಮತ್ತು ಶಿಕ್ಷಣ

ಸಂತೋಷ್ ಹೆಗ್ಡೆಯವರದು ಇಂದಿನ ಉಡುಪಿ ಜಿಲ್ಲೆಯ ಕಾರ್ಕಳ ತಾಲ್ಲೂಕಿನ ನಿಟ್ಟೆ ಗ್ರಾಮದ ಮನೆತನ. ಹೆಸರಿನ ಮುಂದಿನ ‘ಎನ್.’ ಈ ಗ್ರಾಮವನ್ನೇ ಸೂಚಿಸುತ್ತದೆ. ತಂದೆ ಕೌಡೂರು ಸದಾನಂದ ಹೆಗ್ಡೆ (ಕೆ. ಎಸ್. ಹೆಗ್ಡೆ), ತಾಯಿ ಮೀನಾಕ್ಷಿ ಹೆಗ್ಡೆ.

ಕೆ. ಎಸ್. ಹೆಗ್ಡೆಯವರು ರಾಜ್ಯಸಭಾ ಸದಸ್ಯರಾಗಿ, ಮೈಸೂರು ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾಗಿ, ದೆಹಲಿ ಉಚ್ಚ ನ್ಯಾಯಾಲಯದ ಮೊದಲ ಮುಖ್ಯ ನ್ಯಾಯಮೂರ್ತಿಯಾಗಿ ಸೇವೆ ಸಲ್ಲಿಸಿ 1967ರಲ್ಲಿ ಸರ್ವೋಚ್ಚ ನ್ಯಾಯಾಲಯವನ್ನು ಸೇರಿದ್ದರು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರ ಹೆಸರಿನಲ್ಲಿ ಪ್ರಸಿದ್ಧವಾದ ಪ್ರಕರಣದಲ್ಲಿ, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಬದಲಿಸಲಾಗದು ಎಂದು ಹೇಳಿದ ಬಹುಮತದ ನ್ಯಾಯಮೂರ್ತಿಗಳಲ್ಲಿ ಅವರೂ ಒಬ್ಬರು. 1973ರ ಏಪ್ರಿಲ್ 24ರಂದು ಆ ತೀರ್ಪು ಹೊರಬಿದ್ದ ಬೆನ್ನಲ್ಲೇ ಕೇಂದ್ರ ಸರ್ಕಾರವು ಜೆ. ಎಂ. ಶೇಲತ್, ಕೆ. ಎಸ್. ಹೆಗ್ಡೆ ಮತ್ತು ಎ. ಎನ್. ಗ್ರೋವರ್ ಅವರ ಜ್ಯೇಷ್ಠತೆಯನ್ನು ಬದಿಗಿರಿಸಿ ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯನ್ನಾಗಿ ನೇಮಿಸಿತು. ಇದನ್ನು ಪ್ರತಿಭಟಿಸಿ ಮೂವರೂ ರಾಜೀನಾಮೆ ನೀಡಿದರು. ಕೆ. ಎಸ್. ಹೆಗ್ಡೆಯವರು 1977ರಲ್ಲಿ ಬೆಂಗಳೂರು ದಕ್ಷಿಣ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾಗಿ ಅದರ ಅಧ್ಯಕ್ಷರಾದರು.

ಸಂತೋಷ್ ಹೆಗ್ಡೆಯವರ ವಿದ್ಯಾಭ್ಯಾಸ ಮಂಗಳೂರು, ಮದ್ರಾಸು ಮತ್ತು ಬೆಂಗಳೂರುಗಳಲ್ಲಿ ನಡೆಯಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವಿಜ್ಞಾನ ಪದವಿ ಪಡೆದು, 1965ರಲ್ಲಿ ಕಾನೂನು ಪದವಿಯನ್ನು ಮುಗಿಸಿದರು.

ವಕೀಲಿ ವೃತ್ತಿ

1966ರ ಜನವರಿಯಲ್ಲಿ ವಕೀಲರಾಗಿ ನೋಂದಾಯಿಸಿಕೊಂಡ ಹೆಗ್ಡೆಯವರು ಬೆಂಗಳೂರಿನಲ್ಲಿ ವೃತ್ತಿ ಆರಂಭಿಸಿದರು. ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾಗಿದ್ದಾಗ, 1984ರ ಫೆಬ್ರವರಿಯಲ್ಲಿ ರಾಜ್ಯದ ಅಡ್ವೊಕೇಟ್ ಜನರಲ್ ಆಗಿ ನೇಮಕಗೊಂಡರು. ಅದೇ ವರ್ಷದ ಮೇ ತಿಂಗಳಲ್ಲಿ ಹಿರಿಯ ವಕೀಲರ ಸ್ಥಾನ ಪಡೆದರು. 1988ರ ಆಗಸ್ಟ್‌ವರೆಗೆ ಅಡ್ವೊಕೇಟ್ ಜನರಲ್ ಹುದ್ದೆಯಲ್ಲಿದ್ದರು. ಮುಂದೆ ಅವರೇ ಮುನ್ನಡೆಸಬೇಕಾಗಿ ಬಂದ ಸಂಸ್ಥೆಯ ಮೂಲವಾದ ಕರ್ನಾಟಕ ಲೋಕಾಯುಕ್ತ ಕಾಯ್ದೆ, 1984 ರೂಪುಗೊಂಡು ಜಾರಿಗೆ ಬಂದದ್ದು ಇದೇ ಅವಧಿಯಲ್ಲಿ.

ಕೇಂದ್ರದಲ್ಲಿ ವಿ. ಪಿ. ಸಿಂಗ್ ಸರ್ಕಾರವಿದ್ದಾಗ, 1989ರ ಡಿಸೆಂಬರ್‌ನಿಂದ 1990ರ ನವೆಂಬರ್‌ವರೆಗೆ ಅವರು ಹೆಚ್ಚುವರಿ ಸಾಲಿಸಿಟರ್ ಜನರಲ್ ಆಗಿದ್ದರು. 1998ರ ಏಪ್ರಿಲ್‌ನಲ್ಲಿ ಭಾರತದ ಸಾಲಿಸಿಟರ್ ಜನರಲ್ ಆಗಿ ನೇಮಕಗೊಂಡರು.

ಸರ್ವೋಚ್ಚ ನ್ಯಾಯಾಲಯದಲ್ಲಿ

1999ರ ಜನವರಿ 8ರಂದು ಹೆಗ್ಡೆಯವರು ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಯಾಗಿ ಅಧಿಕಾರ ಸ್ವೀಕರಿಸಿದರು. ಉಚ್ಚ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗದೆ ವಕೀಲ ವೃತ್ತಿಯಿಂದ ನೇರವಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ನೇಮಕವಾಗುವುದು ಅಪರೂಪ. ಎಸ್. ಎಂ. ಸಿಕ್ರಿ, ಎಸ್. ಸಿ. ರಾಯ್ ಮತ್ತು ಕುಲದೀಪ್ ಸಿಂಗ್ ಅವರ ನಂತರ ಹೀಗೆ ನೇಮಕಗೊಂಡವರಲ್ಲಿ ಅವರು ನಾಲ್ಕನೆಯವರು. 2005ರ ಜೂನ್ 15ರವರೆಗೆ ಸೇವೆಯಲ್ಲಿದ್ದರು. ಅವರು ಭಾಗವಹಿಸಿದ ಪ್ರಮುಖ ತೀರ್ಪುಗಳಲ್ಲಿ ಕೆಲವು:

ಪಿ. ರಾಮಚಂದ್ರ ರಾವ್ ವಿರುದ್ಧ ಕರ್ನಾಟಕ ರಾಜ್ಯ (2002): ಭ್ರಷ್ಟಾಚಾರದ ಆರೋಪಕ್ಕೆ ಸಂಬಂಧಿಸಿದಂತೆ ಕರ್ನಾಟಕದಿಂದ ಬಂದ ಮೇಲ್ಮನವಿಯಿದು. ಕ್ರಿಮಿನಲ್ ವಿಚಾರಣೆ ಇಂತಿಷ್ಟೇ ಕಾಲದಲ್ಲಿ ಮುಗಿಯದಿದ್ದರೆ ಆರೋಪಿಯನ್ನು ಬಿಡುಗಡೆ ಮಾಡಬೇಕೆಂಬ ಸಾರ್ವತ್ರಿಕ ಕಾಲಮಿತಿಯನ್ನು ನ್ಯಾಯಾಲಯಗಳು ವಿಧಿಸಲಾಗದು ಎಂದು ಏಳು ನ್ಯಾಯಮೂರ್ತಿಗಳ ಪೀಠ ಹೇಳಿತು. ಹೆಗ್ಡೆಯವರು ಈ ಪೀಠದ ಸದಸ್ಯರಾಗಿದ್ದರು.

ಇ. ವಿ. ಚಿನ್ನಯ್ಯ ವಿರುದ್ಧ ಆಂಧ್ರಪ್ರದೇಶ ರಾಜ್ಯ (2004): ಪರಿಶಿಷ್ಟ ಜಾತಿಗಳ ಪಟ್ಟಿಯನ್ನು ರಾಜ್ಯ ಸರ್ಕಾರಗಳು ಒಳವರ್ಗೀಕರಣ ಮಾಡುವಂತಿಲ್ಲ ಎಂದು ಐವರು ನ್ಯಾಯಮೂರ್ತಿಗಳ ಪೀಠ ತೀರ್ಮಾನಿಸಿತು. ಮುಖ್ಯ ತೀರ್ಪನ್ನು ಬರೆದವರು ಹೆಗ್ಡೆಯವರು. ಒಳಮೀಸಲಾತಿಯ ಬೇಡಿಕೆಯಿದ್ದ ಕರ್ನಾಟಕದಲ್ಲಿಯೂ ಈ ತೀರ್ಪು ದೀರ್ಘಕಾಲ ಚರ್ಚೆಗೊಳಗಾಯಿತು. 2024ರ ಆಗಸ್ಟ್ 1ರಂದು ಏಳು ನ್ಯಾಯಮೂರ್ತಿಗಳ ಪೀಠವು 6:1ರ ಬಹುಮತದಿಂದ ಇದನ್ನು ತಳ್ಳಿಹಾಕಿ ಒಳವರ್ಗೀಕರಣಕ್ಕೆ ಅವಕಾಶ ನೀಡಿತು.

ಜೀ ಟೆಲಿಫಿಲ್ಮ್ಸ್ ವಿರುದ್ಧ ಭಾರತ ಸರ್ಕಾರ (2005): ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಯು ಸಂವಿಧಾನದ 12ನೇ ವಿಧಿಯ ಅರ್ಥದಲ್ಲಿ ‘ಪ್ರಭುತ್ವ’ ಅಲ್ಲ ಎಂದು 3:2ರ ಬಹುಮತದಿಂದ ತೀರ್ಮಾನವಾಯಿತು. ಬಹುಮತದ ತೀರ್ಪನ್ನು ಹೆಗ್ಡೆಯವರು ಬರೆದರು.

ನಿವೃತ್ತಿಯ ನಂತರ ಕೆಲಕಾಲ ದೂರಸಂಪರ್ಕ ವಿವಾದಗಳ ಇತ್ಯರ್ಥ ಮತ್ತು ಮೇಲ್ಮನವಿ ನ್ಯಾಯಮಂಡಳಿಯ ಅಧ್ಯಕ್ಷರಾಗಿದ್ದರು.

ಲೋಕಾಯುಕ್ತ ಸಂಸ್ಥೆ ಮತ್ತು ಅದರ ಅಧಿಕಾರ

ಕರ್ನಾಟಕ ಲೋಕಾಯುಕ್ತ ಸಂಸ್ಥೆ 1986ರ ಜನವರಿಯಲ್ಲಿ, ಅದುವರೆಗಿದ್ದ ರಾಜ್ಯ ಜಾಗೃತ ಆಯೋಗದ ಸ್ಥಾನದಲ್ಲಿ ಅಸ್ತಿತ್ವಕ್ಕೆ ಬಂದಿತು. ಎ. ಡಿ. ಕೋಶಲ್ ಮೊದಲ ಲೋಕಾಯುಕ್ತರು. ಹೆಗ್ಡೆಯವರ ನೇಮಕದ ಕಾಲದಲ್ಲಿ ಈ ಹುದ್ದೆಗೆ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಯಾಗಿದ್ದವರು ಅಥವಾ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಯಾಗಿದ್ದವರು ಮಾತ್ರ ಅರ್ಹರಾಗಿದ್ದರು. ಅವಧಿ ಐದು ವರ್ಷ. ಹೆಗ್ಡೆಯವರ ಹಿಂದಿನ ಲೋಕಾಯುಕ್ತರಾದ ನ್ಯಾಯಮೂರ್ತಿ ಎನ್. ವೆಂಕಟಾಚಲ (2001–2006) ಸರ್ಕಾರಿ ಕಚೇರಿ ಮತ್ತು ಆಸ್ಪತ್ರೆಗಳಿಗೆ ಅನಿರೀಕ್ಷಿತ ಭೇಟಿ ನೀಡಿ, ಸರಣಿ ದಾಳಿಗಳನ್ನು ನಡೆಸಿ ಸಂಸ್ಥೆಯನ್ನು ಮನೆಮಾತಾಗಿಸಿದ್ದರು.

ಲೋಕಾಯುಕ್ತದ ಕೆಲಸ ಎರಡು ಪ್ರತ್ಯೇಕ ದಾರಿಗಳಲ್ಲಿ ಸಾಗುತ್ತದೆ. ಮೊದಲನೆಯದು ಲೋಕಾಯುಕ್ತ ಕಾಯ್ದೆಯ ಅಡಿಯ ವಿಚಾರಣೆ. ದೂರುದಾರರು ನಿಗದಿತ ನಮೂನೆಯಲ್ಲಿ ಪ್ರಮಾಣಪತ್ರದೊಂದಿಗೆ ದೂರು ಸಲ್ಲಿಸಬೇಕು. ಆಡಳಿತದ ಲೋಪದಿಂದಾದ ಕುಂದುಕೊರತೆಗೆ ಆರು ತಿಂಗಳು, ಅಧಿಕಾರ ದುರುಪಯೋಗ ಮೊದಲಾದ ಆಪಾದನೆಗೆ ಐದು ವರ್ಷಗಳ ಕಾಲಮಿತಿಯಿದೆ. ವಿಚಾರಣೆಯ ಕೊನೆಯಲ್ಲಿ ಲೋಕಾಯುಕ್ತರು ತೀರ್ಪು ಕೊಡುವುದಿಲ್ಲ. ಸಕ್ಷಮ ಪ್ರಾಧಿಕಾರಕ್ಕೆ ಶಿಫಾರಸು ಸಹಿತ ವರದಿಯನ್ನು ಸಲ್ಲಿಸುತ್ತಾರೆ. ಕೈಗೊಂಡ ಕ್ರಮವನ್ನು ಪ್ರಾಧಿಕಾರವು ಮೂರು ತಿಂಗಳಲ್ಲಿ ತಿಳಿಸಬೇಕು. ಅದು ತೃಪ್ತಿಕರವಾಗಿಲ್ಲದಿದ್ದರೆ ರಾಜ್ಯಪಾಲರಿಗೆ ವಿಶೇಷ ವರದಿ ಸಲ್ಲಿಸಬಹುದು. ಆ ವರದಿ ವಿವರಣೆಯೊಂದಿಗೆ ವಿಧಾನಮಂಡಲದ ಮುಂದೆ ಬರುತ್ತದೆ.

ಎರಡನೆಯದು ಪೊಲೀಸ್ ವಿಭಾಗದ ದಾರಿ. ಲೋಕಾಯುಕ್ತರ ಮೇಲ್ವಿಚಾರಣೆಯಲ್ಲಿ, ಹಿರಿಯ ಪೊಲೀಸ್ ಅಧಿಕಾರಿಯೊಬ್ಬರ ನೇತೃತ್ವದಲ್ಲಿ ಕೆಲಸ ಮಾಡುವ ಈ ವಿಭಾಗವು ಭ್ರಷ್ಟಾಚಾರ ತಡೆ ಕಾಯ್ದೆ, 1988ರ ಅಡಿಯಲ್ಲಿ ಪ್ರಕರಣ ದಾಖಲಿಸಿ, ತನಿಖೆ ನಡೆಸಿ, ವಿಶೇಷ ನ್ಯಾಯಾಲಯಕ್ಕೆ ಆರೋಪಪಟ್ಟಿ ಸಲ್ಲಿಸುತ್ತದೆ. ಲಂಚ ಕೇಳಿದ ನೌಕರನನ್ನು ‘ಬಲೆಗೆ ಬೀಳಿಸುವ’ ಕಾರ್ಯಾಚರಣೆಯಲ್ಲಿ ನೋಟುಗಳಿಗೆ ಫಿನಾಫ್ತಲೀನ್ ಪುಡಿ ಸವರಿ, ಪಂಚರ ಸಮಕ್ಷಮದಲ್ಲಿ ದೂರುದಾರನ ಕೈಗೆ ಕೊಡಲಾಗುತ್ತದೆ. ಹಣ ಮುಟ್ಟಿದ ಕೈಯನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ತೊಳೆದಾಗ ದ್ರಾವಣ ಗುಲಾಬಿ ಬಣ್ಣಕ್ಕೆ ತಿರುಗುವುದು ಸಾಕ್ಷ್ಯವಾಗುತ್ತದೆ. ಆದಾಯ ಮೀರಿದ ಆಸ್ತಿಯ ಪ್ರಕರಣಗಳಲ್ಲಿ ಮನೆ ಮತ್ತು ಕಚೇರಿಗಳ ಶೋಧ ನಡೆಯುತ್ತದೆ. ಪತ್ರಿಕೆಗಳಲ್ಲಿ ‘ಲೋಕಾಯುಕ್ತ ದಾಳಿ’ ಎಂದು ಬರುವುದು ಇದನ್ನೇ. ಆದರೆ ಹುದ್ದೆಯಲ್ಲಿರುವ ನೌಕರನ ವಿಚಾರಣೆ ನ್ಯಾಯಾಲಯದಲ್ಲಿ ಆರಂಭವಾಗಲು ಅವನನ್ನು ಹುದ್ದೆಯಿಂದ ತೆಗೆಯಬಲ್ಲ ಪ್ರಾಧಿಕಾರದ ಪೂರ್ವಾನುಮತಿ ಬೇಕು.

ಹೀಗೆ ಎರಡೂ ದಾರಿಗಳಲ್ಲಿ ಕೊನೆಯ ಹೆಜ್ಜೆಗೆ ಸರ್ಕಾರದ ಸಮ್ಮತಿ ಅಗತ್ಯವಾಗಿದ್ದುದು ಹೆಗ್ಡೆಯವರ ಅವಧಿಯುದ್ದಕ್ಕೂ ಸಂಸ್ಥೆ ಮತ್ತು ಸರ್ಕಾರದ ನಡುವಿನ ತಿಕ್ಕಾಟಕ್ಕೆ ಕಾರಣವಾಯಿತು. ದೂರಿಗಾಗಿ ಕಾಯದೆ ಸ್ವಯಂಪ್ರೇರಿತವಾಗಿ ತನಿಖೆ ಆರಂಭಿಸುವ ಅಧಿಕಾರವನ್ನು ಸಂಸ್ಥೆಗೆ ನೀಡಬೇಕೆಂದು ಅವರು ಪದೇ ಪದೇ ಒತ್ತಾಯಿಸಿದರು. 2009ರ ಜನವರಿಯಲ್ಲಿ ಲೋಕಾಯುಕ್ತ ಪೊಲೀಸರು ಆಡಳಿತ ಪಕ್ಷದ ಶಾಸಕರೊಬ್ಬರನ್ನು ಬೆಂಗಳೂರಿನ ಶಾಸಕರ ಭವನದಲ್ಲಿಯೇ ಲಂಚದ ಆರೋಪದ ಮೇಲೆ ಬಂಧಿಸಿದ್ದು ಅವರ ಅವಧಿಯ ಗಮನಾರ್ಹ ಘಟನೆಗಳಲ್ಲಿ ಒಂದು.

ಅಕ್ರಮ ಗಣಿಗಾರಿಕೆಯ ತನಿಖೆ

ಹಿನ್ನೆಲೆ

2000ದ ನಂತರದ ವರ್ಷಗಳಲ್ಲಿ ಚೀನಾದ ಉಕ್ಕಿನ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಹಲವು ಪಟ್ಟು ಏರಿತು. ಟನ್‌ಗೆ ಸಾವಿರಾರು ರೂಪಾಯಿ ಬೆಲೆ ಬರುತ್ತಿದ್ದ ಅದಿರಿಗೆ 2009ರ ಆಗಸ್ಟ್‌ವರೆಗೆ ಸರ್ಕಾರಕ್ಕೆ ಸಲ್ಲುತ್ತಿದ್ದ ರಾಜಧನ ಮೂವತ್ತು ರೂಪಾಯಿಗಿಂತಲೂ ಕಡಿಮೆಯಿತ್ತು. ಆ ಬಳಿಕ ಅದನ್ನು ಬೆಲೆಯ ಶೇ 10ಕ್ಕೆ ನಿಗದಿಪಡಿಸಲಾಯಿತು. ಈ ಅಂತರವು ಗುತ್ತಿಗೆಯ ಗಡಿಯನ್ನು ಮೀರಿದ ಗಣಿಗಾರಿಕೆಗೆ, ಅರಣ್ಯ ಒತ್ತುವರಿಗೆ, ಪರವಾನಗಿಯಿಲ್ಲದ ಸಾಗಣೆಗೆ ಮತ್ತು ಲಾರಿಗಳಲ್ಲಿ ಮಿತಿಮೀರಿದ ಭಾರ ಹೇರುವುದಕ್ಕೆ ಪ್ರೇರಣೆಯಾಯಿತು. ಬಳ್ಳಾರಿಯ ಗಣಿ ಉದ್ಯಮಿಗಳಾದ ಜಿ. ಕರುಣಾಕರ ರೆಡ್ಡಿ ಮತ್ತು ಜಿ. ಜನಾರ್ದನ ರೆಡ್ಡಿ 2008ರಲ್ಲಿ ಸಚಿವರೂ ಆದರು.

ಮೊದಲ ವರದಿ

2007ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರವೇ ಗಣಿಗಾರಿಕೆಯ ಅಕ್ರಮಗಳ ತನಿಖೆಯನ್ನು ಲೋಕಾಯುಕ್ತಕ್ಕೆ ವಹಿಸಿತು. ಭಾರತೀಯ ಅರಣ್ಯ ಸೇವೆಯ ಅಧಿಕಾರಿ ಯು. ವಿ. ಸಿಂಗ್ ತನಿಖಾ ತಂಡದ ಪ್ರಮುಖರಾಗಿದ್ದರು. 2008ರ ಡಿಸೆಂಬರ್ 18ರಂದು ಹೆಗ್ಡೆಯವರು ಮೊದಲ ವರದಿಯನ್ನು ಸಲ್ಲಿಸಿದರು. ಗುತ್ತಿಗೆ ನೀಡಿಕೆಯಲ್ಲಿನ ಲೋಪಗಳು, ಅರಣ್ಯ ಭೂಮಿಯ ಅತಿಕ್ರಮಣ, ಅಧಿಕ ಭಾರದ ಸಾಗಣೆ ಮತ್ತು ಅಧಿಕಾರಿಗಳ ಹೊಣೆಗಾರಿಕೆಯನ್ನು ಅದು ವಿವರಿಸಿತು. ಮಾಜಿ ಮುಖ್ಯಮಂತ್ರಿಯೊಬ್ಬರ ಕಾಲದ ನಿರ್ಧಾರದಿಂದ ಬೊಕ್ಕಸಕ್ಕಾದ ನಷ್ಟವನ್ನು ವಸೂಲು ಮಾಡುವಂತೆಯೂ ಶಿಫಾರಸು ಮಾಡಿತು.

ಬೇಲೆಕೇರಿ ಪ್ರಕರಣ ಮತ್ತು ರಾಜೀನಾಮೆ

2010ರ ಮಾರ್ಚ್‌ನಲ್ಲಿ ಅರಣ್ಯಾಧಿಕಾರಿ ಆರ್. ಗೋಕುಲ್ ಅವರ ತಂಡವು ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ಸಮೀಪದ ಬೇಲೆಕೇರಿ ಬಂದರಿನಲ್ಲಿ, ಅಕ್ರಮವಾಗಿ ಸಾಗಿಸಲಾಗಿದ್ದ ಸುಮಾರು 8 ಲಕ್ಷ ಟನ್ ಅದಿರನ್ನು ಜಪ್ತಿ ಮಾಡಿತು. ಕೆಲವೇ ತಿಂಗಳಲ್ಲಿ ಅದರಲ್ಲಿ ಸುಮಾರು 5 ಲಕ್ಷ ಟನ್ ಅದಿರು ಬಂದರಿನಿಂದ ಕಾಣೆಯಾಗಿರುವುದು ಬೆಳಕಿಗೆ ಬಂದಿತು. ಸರ್ಕಾರದ ವಶದಲ್ಲಿದ್ದ ಅದಿರು ಹಡಗು ಹತ್ತಿ ಹೋಗಿದ್ದ ಈ ಪ್ರಕರಣದಲ್ಲಿ, ಅದನ್ನು ಜಪ್ತಿ ಮಾಡಿದ್ದ ಅಧಿಕಾರಿಯನ್ನೇ ಅಮಾನತುಗೊಳಿಸುವ ಕ್ರಮಕ್ಕೆ ಸರ್ಕಾರ ಮುಂದಾಯಿತು. ಇದನ್ನೂ, ಲೋಕಾಯುಕ್ತದ ಶಿಫಾರಸುಗಳ ಬಗ್ಗೆ ಸರ್ಕಾರದ ಅಸಹಕಾರವನ್ನೂ ಕಾರಣವಾಗಿ ನೀಡಿ ಹೆಗ್ಡೆಯವರು 2010ರ ಜೂನ್ 23ರಂದು ರಾಜೀನಾಮೆ ಸಲ್ಲಿಸಿದರು.

ರಾಜೀನಾಮೆ ರಾಷ್ಟ್ರಮಟ್ಟದ ಸುದ್ದಿಯಾಯಿತು. ಬಿಜೆಪಿಯ ಹಿರಿಯ ನಾಯಕ ಎಲ್. ಕೆ. ಅಡ್ವಾಣಿ ಅವರು ವೈಯಕ್ತಿಕವಾಗಿ ಮನವಿ ಮಾಡಿದ ಬಳಿಕ, ಜುಲೈ 3ರಂದು ಹೆಗ್ಡೆಯವರು ರಾಜೀನಾಮೆಯನ್ನು ಹಿಂಪಡೆದರು. ಅದೇ ತಿಂಗಳ ಕೊನೆಯಲ್ಲಿ ವಿರೋಧ ಪಕ್ಷದ ನಾಯಕ ಸಿದ್ದರಾಮಯ್ಯನವರ ನೇತೃತ್ವದಲ್ಲಿ ಕಾಂಗ್ರೆಸ್ ಪಕ್ಷವು ಅಕ್ರಮ ಗಣಿಗಾರಿಕೆಯನ್ನು ವಿರೋಧಿಸಿ ಬೆಂಗಳೂರಿನಿಂದ ಬಳ್ಳಾರಿಗೆ ಪಾದಯಾತ್ರೆ ಆರಂಭಿಸಿತು.

ಎರಡನೆಯ ವರದಿ

ನಿವೃತ್ತಿಗೆ ಆರು ದಿನಗಳಿರುವಾಗ, 2011ರ ಜುಲೈ 27ರಂದು, ಹೆಗ್ಡೆಯವರು ಎರಡನೆಯ ವರದಿಯನ್ನು ಸರ್ಕಾರಕ್ಕೆ ಸಲ್ಲಿಸಿದರು. 2006ರಿಂದ 2010ರವರೆಗಿನ ಅಕ್ರಮಗಳಿಂದ ಬೊಕ್ಕಸಕ್ಕೆ ಸುಮಾರು 16,085 ಕೋಟಿ ರೂಪಾಯಿ ನಷ್ಟವಾಗಿದೆ ಎಂದು ಅದು ಅಂದಾಜಿಸಿತು. ಗಣಿಯಿಂದ ಬಂದರಿನವರೆಗೆ ಅದಿರನ್ನು ಯಾವ ತಪಾಸಣೆಯ ಭಯವೂ ಇಲ್ಲದೆ ಸಾಗಿಸುವ ವ್ಯವಸ್ಥೆಯೊಂದು ರೂಪುಗೊಂಡಿತ್ತೆಂದೂ, ಗಣಿ, ಅರಣ್ಯ, ಸಾರಿಗೆ, ಪೊಲೀಸ್, ಬಂದರು ಮುಂತಾದ ಇಲಾಖೆಗಳ ನೂರಾರು ನೌಕರರು ಇದರಲ್ಲಿ ಲಾಭ ಪಡೆದಿದ್ದರೆಂದೂ ವರದಿ ಹೇಳಿತು. ಮುಖ್ಯಮಂತ್ರಿಯ ಕುಟುಂಬಕ್ಕೆ ಸಂಬಂಧಿಸಿದ ಟ್ರಸ್ಟೊಂದಕ್ಕೆ ಗಣಿ ಕಂಪನಿಯಿಂದ ಬಂದ ದೇಣಿಗೆಯನ್ನು ಪ್ರಸ್ತಾಪಿಸಿ, ಯಡಿಯೂರಪ್ಪನವರ ವಿರುದ್ಧ ಭ್ರಷ್ಟಾಚಾರ ತಡೆ ಕಾಯ್ದೆಯಡಿ ಕ್ರಮಕ್ಕೆ ಶಿಫಾರಸು ಮಾಡಿತು. ಜುಲೈ 31ರಂದು ಯಡಿಯೂರಪ್ಪ ರಾಜೀನಾಮೆ ನೀಡಿದರು. ಆಗಸ್ಟ್ 4ರಂದು ಡಿ. ವಿ. ಸದಾನಂದ ಗೌಡ ಮುಖ್ಯಮಂತ್ರಿಯಾದರು.

ಅದಿರು ಮಾರ್ಗ ಮತ್ತು ಗದಗ ಜಿಲ್ಲೆ

ವರದಿಗಳು ಮುಖ್ಯವಾಗಿ ಬಳ್ಳಾರಿ, ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳ ಗಣಿಗಳಿಗೆ ಸಂಬಂಧಿಸಿದ್ದರೂ, ಅದಿರಿನ ವಹಿವಾಟಿನ ಪರಿಣಾಮ ಗಣಿ ಪ್ರದೇಶಕ್ಕೆ ಸೀಮಿತವಾಗಿರಲಿಲ್ಲ. ಬಳ್ಳಾರಿ–ಹೊಸಪೇಟೆಯ ಗಣಿಗಳು ಮತ್ತು ಅರಬ್ಬಿ ಸಮುದ್ರದ ಬಂದರುಗಳ ನಡುವೆ ಗದಗ ಜಿಲ್ಲೆ ಇದೆ. ಅಂದು 63ನೇ ಸಂಖ್ಯೆಯನ್ನು ಹೊಂದಿದ್ದ ಅಂಕೋಲಾ–ಗುತ್ತಿ ರಾಷ್ಟ್ರೀಯ ಹೆದ್ದಾರಿ ಬಳ್ಳಾರಿಯಿಂದ ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ ಮಾರ್ಗವಾಗಿ ಅರಬೈಲ್ ಘಟ್ಟವಿಳಿದು ಕರಾವಳಿಯನ್ನು ಸೇರುತ್ತಿತ್ತು. ಹೊಸಪೇಟೆಯಿಂದ ಗೋವಾದ ಬಂದರಿಗೆ ಹೋಗುವ ರೈಲು ಮಾರ್ಗವೂ ಗದಗದ ಮೂಲಕವೇ ಸಾಗುತ್ತದೆ. ಪರವಾನಗಿ ಮತ್ತು ಭಾರದ ತಪಾಸಣೆ ಪ್ರತಿ ಜಿಲ್ಲೆಯಲ್ಲೂ ನಡೆಯಬೇಕಾಗಿದ್ದ ಇಂಥ ಹಾದಿಯಲ್ಲಿ ಅದಿರು ಅಡೆತಡೆಯಿಲ್ಲದೆ ಸಾಗಿದ್ದು, ಅಕ್ರಮವು ಒಂದು ಜಿಲ್ಲೆಯ ಕೆಲವು ಅಧಿಕಾರಿಗಳದಷ್ಟೇ ಅಲ್ಲ ಎಂಬ ವಾದಕ್ಕೆ ಬಲ ನೀಡಿತು.

ಗದಗ, ಮುಂಡರಗಿ ಮತ್ತು ಶಿರಹಟ್ಟಿ ತಾಲ್ಲೂಕುಗಳಲ್ಲಿ ಹರಡಿರುವ ಕಪ್ಪತಗುಡ್ಡವೂ ಖನಿಜ ನಿಕ್ಷೇಪಗಳಿರುವ ಬೆಟ್ಟಸಾಲು. ಔಷಧೀಯ ಸಸ್ಯಗಳಿಗೆ ಹೆಸರಾದ ಈ ಗುಡ್ಡದ ಸುತ್ತಲ ಜನರಿಗೆ ತುಂಗಭದ್ರೆಯ ಆಚೆಗಿನ ಗಣಿ ಪ್ರದೇಶದ ಅನುಭವ ಎಚ್ಚರಿಕೆಯಾಗಿತ್ತು. ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿ ಸುತ್ತಮುತ್ತ ದಕ್ಷಿಣ ಕೊರಿಯಾದ ಪೋಸ್ಕೋ ಕಂಪನಿಯ ಉಕ್ಕಿನ ಕಾರ್ಖಾನೆಗೆ ಭೂಸ್ವಾಧೀನ ಮಾಡುವ ಪ್ರಸ್ತಾವವನ್ನು ರೈತರು ವಿರೋಧಿಸಿದರು. ಗದಗದ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಈ ಹೋರಾಟದ ಮುಂಚೂಣಿಯಲ್ಲಿದ್ದರು. ಲೋಕಾಯುಕ್ತದ ಎರಡನೆಯ ವರದಿ ಹೊರಬಂದ 2011ರ ಜುಲೈ ತಿಂಗಳಲ್ಲಿಯೇ ಸರ್ಕಾರ ಆ ಭೂಸ್ವಾಧೀನವನ್ನು ಕೈಬಿಟ್ಟಿತು. ಕಪ್ಪತಗುಡ್ಡವನ್ನು 2015ರಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿ, 2016ರಲ್ಲಿ ಆ ಘೋಷಣೆಯನ್ನು ಹಿಂಪಡೆದು, ಜನಾಂದೋಲನದ ನಂತರ 2017ರಲ್ಲಿ ಮರುಸ್ಥಾಪಿಸಲಾಯಿತು. 2019ರಲ್ಲಿ ಅದರ ಸುಮಾರು 244 ಚದರ ಕಿಲೋಮೀಟರ್ ಪ್ರದೇಶ ವನ್ಯಜೀವಿಧಾಮವಾಯಿತು.

1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ರಚನೆಯಾದ ಗದಗ ಜಿಲ್ಲೆಯಲ್ಲಿ ಲೋಕಾಯುಕ್ತದ ಪೊಲೀಸ್ ಘಟಕ ಗದಗ-ಬೆಟಗೇರಿಯಲ್ಲಿದೆ. ಶಿರಹಟ್ಟಿ, ಮುಂಡರಗಿ ಮತ್ತು ಅಂದು ಶಿರಹಟ್ಟಿ ತಾಲ್ಲೂಕಿಗೆ ಸೇರಿದ್ದ ಲಕ್ಷ್ಮೇಶ್ವರದ ನಾಗರಿಕರಿಗೆ, ಖಾತೆ ಬದಲಾವಣೆಗೋ ಬಿಲ್ ಮಂಜೂರಾತಿಗೋ ಲಂಚ ಕೇಳಿದ ನೌಕರನ ವಿರುದ್ಧ ಬೆಂಗಳೂರಿಗೆ ಹೋಗದೆ ದೂರು ನೀಡಲು ಇದು ಅನುಕೂಲ ಕಲ್ಪಿಸಿತು. 2008ರ ಜುಲೈನಲ್ಲಿ ಧಾರವಾಡದಲ್ಲಿ ಉಚ್ಚ ನ್ಯಾಯಾಲಯದ ಸಂಚಾರಿ ಪೀಠ ಆರಂಭವಾದ ಮೇಲೆ ಈ ಜಿಲ್ಲೆಯ ಮೇಲ್ಮನವಿಗಳೂ ಅಲ್ಲಿಯೇ ವಿಚಾರಣೆಗೆ ಬರತೊಡಗಿದವು.

ವರದಿಯ ನಂತರದ ಬೆಳವಣಿಗೆಗಳು

ಧಾರವಾಡದ ಸಮಾಜ ಪರಿವರ್ತನ ಸಮುದಾಯವು ಎಸ್. ಆರ್. ಹಿರೇಮಠರ ಮುಂದಾಳತ್ವದಲ್ಲಿ 2009ರಲ್ಲಿಯೇ ಅಕ್ರಮ ಗಣಿಗಾರಿಕೆಯ ವಿರುದ್ಧ ಸರ್ವೋಚ್ಚ ನ್ಯಾಯಾಲಯದ ಮೊರೆ ಹೋಗಿತ್ತು. ಈ ಪ್ರಕರಣದಲ್ಲಿ ನ್ಯಾಯಾಲಯವು 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯಲ್ಲಿ, ಆಗಸ್ಟ್ 26ರಂದು ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಲ್ಲಿ ಗಣಿಗಾರಿಕೆಯನ್ನು ಸ್ಥಗಿತಗೊಳಿಸಿತು. ಗಣಿಗಳನ್ನು ಉಲ್ಲಂಘನೆಯ ಪ್ರಮಾಣಕ್ಕೆ ಅನುಗುಣವಾಗಿ ಎ, ಬಿ, ಸಿ ಎಂದು ವಿಂಗಡಿಸಲಾಯಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಗಂಭೀರ ಉಲ್ಲಂಘನೆಯ ‘ಸಿ’ ವರ್ಗದ ಗುತ್ತಿಗೆಗಳು ರದ್ದಾದವು. ಮೂರು ಜಿಲ್ಲೆಗಳ ಒಟ್ಟು ವಾರ್ಷಿಕ ಉತ್ಪಾದನೆಗೆ 3 ಕೋಟಿ ಟನ್‌ಗಳ ಮಿತಿಯನ್ನು ವಿಧಿಸಲಾಯಿತು.

ವ್ಯಕ್ತಿಗಳ ವಿರುದ್ಧದ ಪ್ರಕರಣಗಳು ಇಷ್ಟು ನೇರವಾಗಿ ಸಾಗಲಿಲ್ಲ. ಯಡಿಯೂರಪ್ಪನವರ ವಿರುದ್ಧ ವರದಿಯ ಆಧಾರದ ಮೇಲೆ ದಾಖಲಾಗಿದ್ದ ಪ್ರಥಮ ವರ್ತಮಾನ ವರದಿಯನ್ನೂ, ಅವರಿಗೆ ಸಂಬಂಧಿಸಿದ ಅಧ್ಯಾಯವನ್ನೂ ಕರ್ನಾಟಕ ಉಚ್ಚ ನ್ಯಾಯಾಲಯ 2012ರ ಮಾರ್ಚ್ 7ರಂದು ರದ್ದುಪಡಿಸಿತು. ಅವರ ಅಹವಾಲನ್ನು ಕೇಳದೆ ಅಭಿಪ್ರಾಯ ದಾಖಲಿಸಿರುವುದು ಸಹಜ ನ್ಯಾಯದ ತತ್ವಕ್ಕೆ ವಿರುದ್ಧ ಎಂಬುದು ಮುಖ್ಯ ಕಾರಣವಾಗಿತ್ತು. ಅದೇ ವರ್ಷದ ಮೇ 11ರಂದು ಸರ್ವೋಚ್ಚ ನ್ಯಾಯಾಲಯ ಈ ದೇಣಿಗೆ ವಿಷಯವನ್ನು ಕೇಂದ್ರೀಯ ತನಿಖಾ ದಳಕ್ಕೆ (ಸಿಬಿಐ) ವಹಿಸಿತು. ವಿಚಾರಣೆಯ ನಂತರ 2016ರ ಅಕ್ಟೋಬರ್ 26ರಂದು ವಿಶೇಷ ನ್ಯಾಯಾಲಯವು ಯಡಿಯೂರಪ್ಪನವರನ್ನು ದೋಷಮುಕ್ತಗೊಳಿಸಿತು.

2013ರಲ್ಲಿ ಅಧಿಕಾರಕ್ಕೆ ಬಂದ ಸರ್ಕಾರವು ವರದಿಯ ಜಾರಿಯನ್ನು ಪರಿಶೀಲಿಸಲು ಗದಗ ಕ್ಷೇತ್ರದ ಶಾಸಕರೂ ಸಚಿವರೂ ಆಗಿದ್ದ ಎಚ್. ಕೆ. ಪಾಟೀಲರ ಅಧ್ಯಕ್ಷತೆಯಲ್ಲಿ ಸಚಿವ ಸಂಪುಟದ ಉಪಸಮಿತಿಯನ್ನು ರಚಿಸಿತು. ಲೋಕಾಯುಕ್ತದಲ್ಲಿ ಗಣಿ ಪ್ರಕರಣಗಳಿಗಾಗಿಯೇ ವಿಶೇಷ ತನಿಖಾ ತಂಡವೂ ರಚನೆಯಾಯಿತು. ಬೇಲೆಕೇರಿ ಪ್ರಕರಣಗಳಲ್ಲಿ ಕಾರವಾರದ ಶಾಸಕ ಸತೀಶ್ ಸೈಲ್ ಮತ್ತು ಇತರರನ್ನು ಬೆಂಗಳೂರಿನ ವಿಶೇಷ ನ್ಯಾಯಾಲಯ 2024ರ ಅಕ್ಟೋಬರ್‌ನಲ್ಲಿ, ಅದಿರು ಕಾಣೆಯಾದ ಹದಿನಾಲ್ಕು ವರ್ಷಗಳ ನಂತರ, ತಪ್ಪಿತಸ್ಥರೆಂದು ತೀರ್ಮಾನಿಸಿತು. ಮರುತಿಂಗಳು ಉಚ್ಚ ನ್ಯಾಯಾಲಯ ಅವರ ಶಿಕ್ಷೆಯನ್ನು ಅಮಾನತಿನಲ್ಲಿರಿಸಿತು.

ಲೋಕಪಾಲ ಮಸೂದೆ ಮತ್ತು ಮಣಿಪುರ ಆಯೋಗ

ಅಣ್ಣಾ ಹಜಾರೆಯವರ ಉಪವಾಸದ ನಂತರ 2011ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರವು ಲೋಕಪಾಲ ಮಸೂದೆಗಾಗಿ ಜಂಟಿ ಕರಡು ಸಮಿತಿಯನ್ನು ರಚಿಸಿತು. ನಾಗರಿಕ ಸಮಾಜದ ಐವರು ಪ್ರತಿನಿಧಿಗಳಲ್ಲಿ ಹೆಗ್ಡೆಯವರೂ ಒಬ್ಬರಾಗಿದ್ದರು. ಶಾಂತಿ ಭೂಷಣ್, ಪ್ರಶಾಂತ್ ಭೂಷಣ್, ಅರವಿಂದ ಕೇಜ್ರಿವಾಲ್ ಮತ್ತು ಹಜಾರೆ ಉಳಿದವರು. ಹುದ್ದೆಯಲ್ಲಿರುವ ಲೋಕಾಯುಕ್ತರಾಗಿ ಸಮಿತಿಯಲ್ಲಿದ್ದವರು ಅವರೊಬ್ಬರೇ.

2013ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಮಣಿಪುರದಲ್ಲಿ ನಡೆದಿದ್ದ ಆರು ಎನ್‌ಕೌಂಟರ್ ಪ್ರಕರಣಗಳ ವಿಚಾರಣೆಗೆ ಹೆಗ್ಡೆಯವರ ಅಧ್ಯಕ್ಷತೆಯಲ್ಲಿ ಆಯೋಗವನ್ನು ನೇಮಿಸಿತು. ಮಾಜಿ ಮುಖ್ಯ ಚುನಾವಣಾ ಆಯುಕ್ತ ಜೆ. ಎಂ. ಲಿಂಗ್ಡೊ ಮತ್ತು ಕರ್ನಾಟಕದ ಮಾಜಿ ಪೊಲೀಸ್ ಮಹಾನಿರ್ದೇಶಕ ಅಜಯ್ ಕುಮಾರ್ ಸಿಂಗ್ ಸದಸ್ಯರಾಗಿದ್ದರು. ಹನ್ನೆರಡು ವರ್ಷದ ಬಾಲಕನೊಬ್ಬನ ಸಾವೂ ಸೇರಿದಂತೆ ಆರೂ ಪ್ರಕರಣಗಳು ನೈಜ ಎನ್‌ಕೌಂಟರ್‌ಗಳಲ್ಲ ಎಂದು ಆಯೋಗ ಅದೇ ವರ್ಷ ವರದಿ ನೀಡಿತು. ಮಣಿಪುರದ ಪ್ರಕರಣಗಳ ತನಿಖೆಗೆ ಸಿಬಿಐ ಅಧಿಕಾರಿಗಳ ವಿಶೇಷ ತಂಡವನ್ನು ರಚಿಸುವಂತೆ ಸರ್ವೋಚ್ಚ ನ್ಯಾಯಾಲಯ 2017ರ ಜುಲೈನಲ್ಲಿ ಆದೇಶಿಸಿತು.

ಲೋಕಾಯುಕ್ತ ಸಂಸ್ಥೆಯ ಮುಂದಿನ ಸ್ಥಿತಿ

ಹೆಗ್ಡೆಯವರ ನಂತರ ಲೋಕಾಯುಕ್ತರಾದ ನ್ಯಾಯಮೂರ್ತಿ ಶಿವರಾಜ ಪಾಟೀಲರು 2011ರ ಸೆಪ್ಟೆಂಬರ್‌ನಲ್ಲಿ ರಾಜೀನಾಮೆ ನೀಡಿದರು. ಮುಂದೆ 2013ರ ಫೆಬ್ರವರಿಯವರೆಗೆ ಹುದ್ದೆ ಖಾಲಿಯಿತ್ತು. ಆಗ ನೇಮಕಗೊಂಡ ನ್ಯಾಯಮೂರ್ತಿ ವೈ. ಭಾಸ್ಕರ ರಾವ್ ಅವರೂ 2015ರ ಡಿಸೆಂಬರ್‌ನಲ್ಲಿ ಅವಧಿಗೆ ಮುನ್ನವೇ ರಾಜೀನಾಮೆ ನೀಡಿದರು. 2016ರ ಮಾರ್ಚ್ 14ರಂದು ರಾಜ್ಯ ಸರ್ಕಾರವು ಪ್ರತ್ಯೇಕ ಭ್ರಷ್ಟಾಚಾರ ನಿಗ್ರಹ ದಳವನ್ನು (ಎಸಿಬಿ) ರಚಿಸಿ, ಭ್ರಷ್ಟಾಚಾರ ತಡೆ ಕಾಯ್ದೆಯಡಿ ಲೋಕಾಯುಕ್ತ ಪೊಲೀಸರಿಗಿದ್ದ ಅಧಿಕಾರವನ್ನು ಅದಕ್ಕೆ ವರ್ಗಾಯಿಸಿತು. ಸರ್ಕಾರದ ಅಧೀನದಲ್ಲಿರುವ ದಳವು ಸರ್ಕಾರದಲ್ಲಿರುವವರ ವಿರುದ್ಧ ನಿಷ್ಪಕ್ಷಪಾತ ತನಿಖೆ ನಡೆಸಲಾರದು ಎಂದು ಹೆಗ್ಡೆಯವರು ಈ ಕ್ರಮವನ್ನು ಬಹಿರಂಗವಾಗಿ ವಿರೋಧಿಸಿದರು. 2022ರ ಆಗಸ್ಟ್ 11ರಂದು ಉಚ್ಚ ನ್ಯಾಯಾಲಯವು ದಳದ ರಚನೆಯನ್ನು ರದ್ದುಪಡಿಸಿತು. ಅದರ ಪ್ರಕರಣಗಳು ಮತ್ತು ಅಧಿಕಾರ ಲೋಕಾಯುಕ್ತ ಪೊಲೀಸರಿಗೆ ಮರಳಿದವು.

ಮೌಲ್ಯಮಾಪನ

ಹೆಗ್ಡೆಯವರ ಅವಧಿಯ ಬಗ್ಗೆ ಎರಡು ಬಗೆಯ ಅಭಿಪ್ರಾಯಗಳಿವೆ. ಅಧಿಕಾರದಲ್ಲಿರುವ ಮುಖ್ಯಮಂತ್ರಿ ಮತ್ತು ಸಚಿವರನ್ನೂ ಹೆಸರಿಸಿ ವರದಿ ನೀಡುವಷ್ಟು ಸ್ವಾಯತ್ತತೆಯನ್ನು ರಾಜ್ಯಮಟ್ಟದ ಸಂಸ್ಥೆಯೊಂದು ತೋರಬಲ್ಲದು ಎಂಬುದನ್ನು ಅದು ಸಾಬೀತುಪಡಿಸಿತು ಎಂಬುದು ಒಂದು. ತನಿಖೆಯ ವರದಿ ಎಷ್ಟೇ ವಿಸ್ತಾರವಾಗಿದ್ದರೂ ಆರೋಪಿಯ ಅಹವಾಲು, ಪೂರ್ವಾನುಮತಿ, ನ್ಯಾಯಾಲಯ ಒಪ್ಪುವ ಸಾಕ್ಷ್ಯ ಇವುಗಳ ಪರೀಕ್ಷೆಯಲ್ಲಿ ಅದು ನಿಲ್ಲದಿದ್ದರೆ ಶಿಕ್ಷೆಯಾಗದು ಎಂಬುದು ಇನ್ನೊಂದು. ಗಣಿಗಾರಿಕೆಯ ಸ್ಥಗಿತ ಮತ್ತು ಗುತ್ತಿಗೆಗಳ ರದ್ದತಿ ಮೊದಲನೆಯದಕ್ಕೆ ಪುಷ್ಟಿ ಕೊಟ್ಟರೆ, 2012ರ ಉಚ್ಚ ನ್ಯಾಯಾಲಯದ ಆದೇಶ ಮತ್ತು ನಂತರದ ಖುಲಾಸೆ ಎರಡನೆಯದಕ್ಕೆ ಉದಾಹರಣೆಗಳಾಗಿವೆ.

ಲೋಕಾಯುಕ್ತ ಹುದ್ದೆಯ ನಂತರ ಹೆಗ್ಡೆಯವರು ಶಾಲಾ ಕಾಲೇಜುಗಳಲ್ಲಿ ನಿರಂತರವಾಗಿ ಉಪನ್ಯಾಸಗಳನ್ನು ನೀಡಿದ್ದಾರೆ. ಸ್ವಾತಂತ್ರ್ಯಾನಂತರದ ಹಗರಣಗಳ ಮೊತ್ತ ದಶಕದಿಂದ ದಶಕಕ್ಕೆ ಏರುತ್ತ ಬಂದ ಬಗೆಯನ್ನು ವಿವರಿಸಿ, ದುರಾಸೆಗೆ ಪರ್ಯಾಯವಾಗಿ ತೃಪ್ತಿ ಮತ್ತು ಮಾನವೀಯತೆ ಎಂಬ ಎರಡು ಮೌಲ್ಯಗಳನ್ನು ಮುಂದಿಡುವುದು ಈ ಉಪನ್ಯಾಸಗಳ ಸಾಮಾನ್ಯ ವಸ್ತು.

ನಿರ್ವಹಿಸಿದ ಪ್ರಮುಖ ಹುದ್ದೆಗಳು

ಅಡ್ವೊಕೇಟ್ ಜನರಲ್, ಕರ್ನಾಟಕ: ಫೆಬ್ರವರಿ 1984 – ಆಗಸ್ಟ್ 1988
ಹೆಚ್ಚುವರಿ ಸಾಲಿಸಿಟರ್ ಜನರಲ್, ಭಾರತ: ಡಿಸೆಂಬರ್ 1989 – ನವೆಂಬರ್ 1990
ಸಾಲಿಸಿಟರ್ ಜನರಲ್, ಭಾರತ: ಏಪ್ರಿಲ್ 1998 – ಜನವರಿ 1999
ನ್ಯಾಯಮೂರ್ತಿ, ಸರ್ವೋಚ್ಚ ನ್ಯಾಯಾಲಯ: 8 ಜನವರಿ 1999 – 15 ಜೂನ್ 2005
ಲೋಕಾಯುಕ್ತ, ಕರ್ನಾಟಕ: 3 ಆಗಸ್ಟ್ 2006 – 2 ಆಗಸ್ಟ್ 2011
ಅಧ್ಯಕ್ಷ, ಮಣಿಪುರ ಎನ್‌ಕೌಂಟರ್ ವಿಚಾರಣಾ ಆಯೋಗ: 2013